ಹಸಿರು ದೀಪದ ಕಿವಿರಾಯ

ಅವನಿಗೆ ಕಿವಿರಾಯನೆಂದು ಹೆಸರಿಟ್ಟವಳು ಹೆಂಡತಿಯ ಅಕ್ಕ. ಯಂತ್ರಗಳಿಗೆ ಕಿವಿ ಮಾಡಿಕೊಡುವುದು ಅವನ ಕಸುಬು. "ಊರಿನ ಪೆಟ್ಟಿಗೆಗಳಿಗೆಲ್ಲ ಕಿವಿ ಮಾಡಿ ಅಂಟಿಸ್ತಾನೆ, ತನಗೊಂದು ಜೊತೆ ಮಾಡ್ಕೊಳ್ಳೋಕೆ ಪುರುಸೊತ್ತು ಸಿಕ್ಕಿಲ್ಲ ಪಾಪ," ಎಂದು ಆಕೆ ಒಮ್ಮೆ ಊಟದ ನಡುವೆ ಅಂದಳು. ತಟ್ಟೆ ತೊಳೆಯುವ ಹೊತ್ತಿಗೆ ಅದು ಮನೆಯಲ್ಲೆಲ್ಲ ಹಬ್ಬಿತು, ಮರುದಿನಕ್ಕೆ ಬೀದಿಗೂ ಇಳಿಯಿತು. ಅವನೇನೂ ಬೇಸರ ಮಾಡಿಕೊಳ್ಳಲಿಲ್ಲ. ಆ ಹೆಸರಿನಲ್ಲಿ 'ರಾಯ' ಅನ್ನುವುದಷ್ಟೇ ಅವನಿಗೆ ಕೇಳಿಸಿತ್ತು.

ಇಂಥ ಮನುಷ್ಯ ಒಂದೇ ದಿನಕ್ಕೆ ತಯಾರಾಗುವುದಿಲ್ಲ. ತೊಟ್ಟಿಲಲ್ಲಿದ್ದಾಗಲೇ ಅವನು ಬಾಗಿಲು ದಡಾರನೆ ಬಡಿದವರ ಕಡೆ ನೋಡಿ ನಗುತ್ತಿದ್ದನಂತೆ, ಜೋಗುಳ ಹಾಡಿದವರಿಗೆ ಬೆನ್ನು ತಿರುಗಿಸುತ್ತಿದ್ದನಂತೆ. ಹೆತ್ತವಳೇ ಹೇಳಿದ ಮಾತಿದು, ಅದೂ ಹೆಮ್ಮೆಯಿಂದ. ಅಪ್ಪ ಗುಡುಗಿದ ದಿನ ಅವನು ಅಪ್ಪನ ಮಗ, ಅಜ್ಜ ಗದರಿದ ದಿನ ಅಜ್ಜನ ಮೊಮ್ಮಗ. ಇಬ್ಬರೂ ಸುಮ್ಮನಿದ್ದ ದಿನ ತಾನು ಯಾರ ಪಾಲಿನವನೆಂದು ತಿಳಿಯದೆ ಹಿತ್ತಿಲಲ್ಲಿ ಒಬ್ಬನೇ ಸುತ್ತುತ್ತಿದ್ದ. ಶಾಲೆಯಲ್ಲಿ ಮೇಷ್ಟ್ರು ಹಾಸ್ಯ ಶುರು ಮಾಡಿದರೆ ಸಾಕು, ಮುಗಿಯುವ ಮೊದಲೇ ಇವನ ನಗು ಮುಗಿದಿರುತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಡೆಯೂ ಇದ್ದಾರೆ. ಇವನು ಹಾಲು ಕರೆಯಲು ಚೆಂಬನ್ನೂ ಹಿಡಿದು ನಿಲ್ಲುವ ಪೈಕಿ.

ದಡ್ಡನೇನಲ್ಲ, ಅದೇ ಬೇಜಾರು. ದಡ್ಡನಾಗಿದ್ದರೆ ಹೋಗಲಿ ಬಿಡು ಅನ್ನಬಹುದಿತ್ತು. ಕೆಟ್ಟುಹೋದ ರೇಡಿಯೋ ಬಿಚ್ಚಿ, ಯಾವ ತಂತಿ ಎಲ್ಲಿ ಸುಟ್ಟಿದೆಯೆಂದು ಮೂಸಿಯೇ ಹೇಳುವ ಮೂಗು ಅವನಿಗಿತ್ತು. ಓದಿದ, ಪಾಸಾದ, ಟೈರ್ ಅಂಗಡಿಯ ಮಹಡಿಯ ಮೇಲಿದ್ದ ಒಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರಾದ. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ, ಮೇಲೆ ಹೋದರೆ ಬೆಸುಗೆಯ ಹೊಗೆ. ಕಿಟಕಿಯ ಬಳಿಯ ಮೇಜು ಮಾಲೀಕನದು. ಮಾಲೀಕನ ದನಿಯೋ, ಕೆಳಗೆ ಟೈರ್ ಬದಲಿಸುತ್ತಿದ್ದವರೂ ಒಮ್ಮೆ ತಲೆಯೆತ್ತಿ ನೋಡುವಂಥದ್ದು. ಕಿವಿರಾಯ ಮೊದಲ ದಿನವೇ ಆ ದನಿಗೆ ಒಲಿದುಬಿಟ್ಟ. ಇಷ್ಟು ಜೋರಾಗಿ ಮಾತಾಡುವವರು ತಪ್ಪು ಹೇಳುವುದು ಸಾಧ್ಯವೇ ಎಂದು ಮನೆಗೆ ಬಂದು ಹೆಂಡತಿಯನ್ನು ಕೇಳಿದ್ದ.

ಹೆಂಡತಿಯದು ಮೆಲುದನಿ. ಮದುವೆಯಾಗುವಾಗ ಅವನಿಗೆ ಹಿಡಿಸಿದ್ದೂ ಅದೇ. ಮೆಲ್ಲಗೆ ಮಾತಾಡುವವಳ ಪಕ್ಕ ಇರುವವನಿಗೆ ಕಿವಿ ಸ್ವಲ್ಪ ಚುರುಕಿರಬೇಕು ಅನ್ನುವ ಲೆಕ್ಕ ಅವನಿಗೆ ಹೊಳೆದಿರಲಿಲ್ಲ. ಮದುವೆಗೂ ಮುಂಚಿನಿಂದ ಅವಳು ನರ್ಸಿಂಗ್ ಹೋಮೊಂದರ ಗಂಡಸರ ವಾರ್ಡಿನಲ್ಲಿ ಆಯಾ. ರೋಗಿಗಳನ್ನು ಎಬ್ಬಿಸಿ ಕೂರಿಸುವುದು, ಮೈ ಒರೆಸುವುದು, ಹಾಸಿಗೆ ಬದಲಿಸುವುದು, ಹಟ ಮಾಡುವವರಿಗೆ ಗುಳಿಗೆ ನುಂಗಿಸುವುದು. ಅವಳಿಗಿಂತ ವಯಸ್ಸಾದವರೂ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ನರಳಿಕೆಯಲ್ಲೇ ಇದು ನೋವಿನದು, ಇದು ಬೇಜಾರಿನದು, ಇದು ಸುಮ್ಮನೆ ಮಾತಿಗೆ ಯಾರಾದರೂ ಬರಲಿ ಅನ್ನುವುದು ಎಂದು ಅವಳಿಗೆ ತಿಳಿಯುತ್ತಿತ್ತು.

ಆ ವಾರ್ಡಿಗೆ ಗಂಡನೇ ಒಂದು ಕಿವಿ ಮಾಡಿಕೊಟ್ಟ.

ರೋಗಿಯ ಮಣಿಕಟ್ಟಿಗೆ ಒಂದು ಗುಂಡಿ ಕಟ್ಟಿರುತ್ತಾರೆ. ಒತ್ತಿದರೆ ತಂತಿಯಿಲ್ಲದೆ ರೇಡಿಯೋ ಅಲೆ ಹೊರಟು, ವಾರ್ಡಿನ ಬಾಗಿಲ ಬಳಿಯ ಮೇಜಿನ ಮೇಲಿರುವ ಪೆಟ್ಟಿಗೆಯನ್ನು ತಾಕಿ ಗಂಟೆ ಹೊಡೆಸಬೇಕು. ಪುಟ್ಟ ಬ್ಯಾಟರಿಯೊಂದರ ಮೇಲೆ ತಿಂಗಳುಗಟ್ಟಲೆ ಬದುಕಬೇಕಾದ ಪೆಟ್ಟಿಗೆ ಅದು. ಹಾಗಾಗಿ ದೊಡ್ಡ ರೇಡಿಯೋದ ವೈಭವ ಅದರೊಳಗಿರಲಿಲ್ಲ. ಇದ್ದದ್ದು ಎನ್ವಲಪ್ ಡಿಟೆಕ್ಟರ್ ಅನ್ನುವ ಮಿತವ್ಯಯದ ಸರ್ಕ್ಯೂಟು. ಅಲೆ ಒಳಗೊಳಗೆ ಎಷ್ಟು ಕುಣಿಯಿತು ಅನ್ನುವ ಗೊಡವೆ ಅದಕ್ಕೆ ಬೇಡ. ಕುಣಿತದ ಎತ್ತರ ಏರಿತೋ ಇಳಿಯಿತೋ, ಆ ಹೊರಗೆರೆಯೊಂದು ಗೊತ್ತಾದರೆ ಸಾಕು.

ಅದನ್ನು ಮಾಡಿದ ದಿನಗಳಲ್ಲಿ ಕಿವಿರಾಯನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಊಟಕ್ಕೆ ಕೂತವನು ಎಡಗೈಯಲ್ಲೇ ಗಾಳಿಯಲ್ಲಿ ಬಾಗಿಲು ಬರೆದು ತೋರಿಸಿದ.

"ಇದು ಬಾಗಿಲು ಅಂದ್ಕೋ. ಪೂರ್ತಿ ಮುಚ್ಚಿದ್ರೆ ಮೆಲ್ಲಗೆ ತಟ್ಟೋರು ಕೇಳಲ್ಲ. ಪೂರ್ತಿ ತೆಗೆದಿಟ್ರೆ ಗಾಳಿ, ಧೂಳು, ಬೀದಿನಾಯಿ ಎಲ್ಲಾ ಒಳಗೆ. ಒಂದು ಚೂರು ಸಂದು ಬಿಟ್ಟು ನಿಲ್ಲಿಸಬೇಕು. ಆ ಸಂದು ಎಷ್ಟು ಅಂತ ಗೊತ್ತು ಮಾಡೋ ಕರೆಂಟಿಗೆ ಬಯಾಸ್ ಅಂತಾರೆ."

"ಎಷ್ಟಿರಬೇಕು ಅಂತ ಯಾರು ಹೇಳ್ತಾರೆ?" ಎಂದಳು ಹೆಂಡತಿ.

"ಅದೇ ನನ್ನ ಕೈಚಳಕ. ಯಾರೂ ಹೇಳಬೇಕಾಗಿಲ್ಲ. ಸುತ್ತಮುತ್ತ ಗದ್ದಲ ಜಾಸ್ತಿಯಾದ್ರೆ ತಾನೇ ಬಾಗಿಲು ಮುಂದೆ ಮಾಡ್ಕೊಳ್ಳುತ್ತೆ, ತಣ್ಣಗಾದ್ರೆ ತಾನೇ ತೆರ್ಕೊಳ್ಳುತ್ತೆ. ಅಡಾಪ್ಟಿವ್ ಬಯಾಸಿಂಗ್! ಕಾಲಕ್ಕೆ ತಕ್ಕ ಹಾಗೆ ಹೊಂದಿಕೊಳ್ಳೋ ಕಿವಿ!"

"ನಿಮ್ಮ ಹಾಗೇ ಅನ್ನಿ," ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಅಕ್ಕ.

ಅವನು ಅದನ್ನು ಹೊಗಳಿಕೆಯೆಂದು ಒಳಗೆ ಹಾಕಿಕೊಂಡ. "ಒಂದೇ ಒಂದು ವಿಷಯ. ಯಾವನಾದ್ರೂ ಬಾಗಿಲ ಬುಡದಲ್ಲೇ ನಿಂತು ಬಿಡದೆ ಕಿರಚ್ತಾ ಇದ್ರೆ, ಕಿವಿ ಅವನಿಗೇ ಹೊಂದಿಕೊಂಡುಬಿಡುತ್ತೆ. ಆಮೇಲೆ ದೂರದವರು ಕರೆದಿದ್ದು ಕೇಳಲ್ಲ. ಆದ್ರೆ ಅಂಥವನನ್ನ ತಂದು ಪಕ್ಕದಲ್ಲಿ ನಿಲ್ಲಿಸೋ ಪೆದ್ದ ಯಾರಿದಾನೆ ಹೇಳು?" ಎಂದು ನಕ್ಕು, ತಟ್ಟೆ ಮುಂದೆ ತಳ್ಳಿದ. ಅವಳು ಬಡಿಸಿದಳು.

ಪೆದ್ದ ಯಾರೆಂದು ಬೇಗನೆ ಗೊತ್ತಾಯಿತು.

ವಾರ್ಡಿನಲ್ಲಿ ಪೆಟ್ಟಿಗೆ ಇಟ್ಟು, ಕಿಟಕಿಯ ಪಕ್ಕದ ಕಡೆಯ ಹಾಸಿಗೆಯಿಂದ ಗುಂಡಿ ಒತ್ತಿ ನೋಡಿದ. ಗಂಟೆ ಚೆನ್ನಾಗಿಯೇ ಹೊಡೆಯಿತು. ಅಲ್ಲಿಗೆ ಬಿಟ್ಟಿದ್ದರೆ ಅವನ ಬಗ್ಗೆ ಹೇಳಲು ನಾಲ್ಕು ಒಳ್ಳೆಯ ಮಾತಾದರೂ ಉಳಿಯುತ್ತಿತ್ತು. ಆದರೆ ಮಾಲೀಕ ಬಂದು ಪೆಟ್ಟಿಗೆಯನ್ನು ಎತ್ತಿ, ತಿರುಗಿಸಿ, ಮೂತಿ ಸೊಟ್ಟಗೆ ಮಾಡಿದ.

"ಏನ್ರೀ ಇದು, ಸೋಪಿನ ಡಬ್ಬಿ ಇದ್ದ ಹಾಗಿದೆ! ಕೇಳ್ತಾ ಇದೆ ಅಂತ ನೋಡೋರಿಗೆ ಗೊತ್ತಾಗೋದು ಹೇಗೆ? ದೀಪ ಹಾಕಿ. ಹಸಿರು ದೀಪ. ಸದಾ ಉರೀತಾ ಇರಬೇಕು!"

"ಅದನ್ನೇ ಹೇಳೋಣ ಅಂತಿದ್ದೆ ಸಾರ್," ಎಂದ ಕಿವಿರಾಯ.

ಕೇಳುತ್ತಿದೆ ಎಂದು ದೀಪ ತೋರಿಸಬೇಕಾದರೆ ಕೇಳಲಿಕ್ಕೆ ಸದಾ ಏನಾದರೂ ಇರಬೇಕಲ್ಲ. ಹಾಗಾಗಿ ಗಂಟೆ ಹೊಡೆಸದೆ ದೀಪವನ್ನಷ್ಟೇ ಉರಿಸುವಂಥ ಅಲೆಯನ್ನು ಬಿಡುವಿಲ್ಲದೆ ಉಗುಳುವ ಇನ್ನೊಂದು ಪುಟ್ಟ ಡಬ್ಬಿ ಮಾಡಿ, ದೊಡ್ಡದರ ಮಗ್ಗುಲಿಗೇ ಇಟ್ಟ. ಅದು ಕಿರಚುತ್ತಿತ್ತು, ಇದು ಕೇಳುತ್ತಿತ್ತು, ದೀಪ ಉರಿಯುತ್ತಿತ್ತು. ಊಟದ ಹೊತ್ತಿನಲ್ಲಿ ಯಾವ ಪೆದ್ದನನ್ನು ನೆನೆದು ನಕ್ಕಿದ್ದನೋ ಅವನ ಕೆಲಸವನ್ನು ಸ್ವಂತ ಕೈಯಾರೆ ಅಚ್ಚುಕಟ್ಟಾಗಿ ಮಾಡಿ ಮುಗಿಸಿದ. ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಗೊತ್ತಿದ್ದದ್ದು ತಲೆಯೊಳಗಿನ ಮೆಲುದನಿ, ದೀಪ ಬೇಕೆಂದದ್ದು ಮಾಲೀಕನ ದನಿ. ಅವನ ಬಾಗಿಲು ಯಾವ ಕಡೆ ತೆರೆಯುತ್ತದೆಂದು ತೊಟ್ಟಿಲ ಕಾಲದಿಂದಲೂ ಎಲ್ಲರಿಗೆ ಗೊತ್ತು.

ದೀಪ ಬಂದ ಮೇಲೆ ಮತ್ತೊಮ್ಮೆ ಪರೀಕ್ಷೆ ನಡೆಯಿತು. ಮಾಲೀಕನೂ ನರ್ಸಿಂಗ್ ಹೋಮಿನ ದೊಡ್ಡ ಡಾಕ್ಟರೂ ಮೇಜಿನ ಬಳಿ ನಿಂತಿದ್ದರು. ಕಿವಿರಾಯ ಮೇಜಿಗೆ ಅಂಟಿದಂತಿದ್ದ ಮೊದಲ ಹಾಸಿಗೆಯಿಂದ ಗುಂಡಿ ಒತ್ತಿದ. ಅಷ್ಟು ಹತ್ತಿರದ್ದು ಕೇಳದೆ ಇರುತ್ತದೆಯೇ, ಗಂಟೆ ಹೊಡೆಯಿತು. "ಕಡೆಯ ಹಾಸಿಗೆ?" ಎಂದರು ಡಾಕ್ಟರು. "ಅದು ಮೊದಲೇ ಆಗಿದೆ ಸಾರ್," ಎಂದ. ಸುಳ್ಳಲ್ಲ. ಹೋದ ವರ್ಷ ಬಿಸಿಲಿತ್ತು ಅನ್ನುವುದು ಎಷ್ಟು ನಿಜವೋ ಇದೂ ಅಷ್ಟೇ ನಿಜ.

ಆ ಕಡೆಯ ಹಾಸಿಗೆಗೆ ಬಂದವರು ಹರಾಜು ಮಾವ. ಹಳೇ ಸಾಮಾನು, ಮರಮುಟ್ಟು, ದಿವಾಳಿಯೆದ್ದ ಅಂಗಡಿಗಳ ಕಪಾಟು, ಕುರ್ಚಿ ಎಲ್ಲವನ್ನೂ ಕೂಗಿ ಮಾರಿ ಬದುಕಿದವರು. ಒಂದು ಕಾಲು ಮುರಿದ ಮಂಚವನ್ನೂ ಇಬ್ಬರು ಜಗಳವಾಡಿ ಕೊಳ್ಳುವಂತೆ ಮಾಡಿದ ಗಂಟಲು ಅದು. ಅದೇ ಗಂಟಲಿಗೆ ಆಪರೇಷನ್ ಆಗಿ ದನಿ ಹೋಗಿತ್ತು. ಬರುತ್ತದೆ, ತಡವಾಗುತ್ತದೆ ಎಂದಿದ್ದರು. ಅಲ್ಲಿಯವರೆಗೆ ಅವರಿಗಿದ್ದ ಬಾಯಿ ಮಣಿಕಟ್ಟಿನ ಗುಂಡಿಯೊಂದೇ. ಇನ್ನೊಂದು ಬಾಯಿ ಅವರ ಅಕ್ಕ. ಆ ಮನೆತನದಲ್ಲಿ ಗಂಟಲು ಎಲ್ಲರಿಗೂ ಧಾರಾಳವಾಗಿ ಹಂಚಿಕೆಯಾಗಿತ್ತು.

ಒಂದು ಮಧ್ಯಾಹ್ನ, ಅಕ್ಕ ಮನೆಗೆ ಹೋಗಿದ್ದ ಹೊತ್ತಿನಲ್ಲಿ, ಹರಾಜು ಮಾವನಿಗೆ ಬಾಯಾರಿಕೆಯಾಯಿತು. ಗುಂಡಿ ಒತ್ತಿದರು. ಯಾರೂ ಬರಲಿಲ್ಲ. ಮತ್ತೆ ಒತ್ತಿದರು, ಅದುಮಿ ಹಿಡಿದರು, ಕಡೆಗೆ ಬೈದುಕೊಂಡಿರಲೂಬಹುದು, ಕೇಳಲು ದನಿಯಿರಲಿಲ್ಲ. ತಾವೇ ಎದ್ದರು. ಕಾಲು ಜಾರಿ ಬಿದ್ದು ಎಡಗೈ ಮುರಿಯಿತು.

ಚಿಕ್ಕಮ್ಮ ಆಗ ಬಾಗಿಲ ಬಳಿಯ ಮೇಜಿನ ಹತ್ತಿರವೇ ಒಗೆದು ಬಂದ ಹೊದಿಕೆಗಳನ್ನು ಮಡಚುತ್ತಿದ್ದಳು. ಬಿದ್ದ ಸದ್ದು ಕೇಳಿ ಓಡಿದವಳೂ ಅವಳೇ. ಆದರೆ ಹೆಡ್ ನರ್ಸ್ ಬಂದು ಪೆಟ್ಟಿಗೆ ನೋಡಿದಳು. ಹಸಿರು ದೀಪ ಶಾಂತವಾಗಿ ಉರಿಯುತ್ತಿತ್ತು.

"ದೀಪ ಉರೀತಾ ಇದೆ, ಅಂದ್ರೆ ಪೆಟ್ಟಿಗೆ ಎಚ್ಚರವಾಗೇ ಇದೆ. ಹಾಗಾದ್ರೆ ನಿದ್ದೆ ಮಾಡಿದ್ದು ಯಾರು?"

ವಾರ್ಡಿನಲ್ಲಿ ಎಚ್ಚರವಿರಬೇಕಾದವರು ಇನ್ನು ಯಾರಿದ್ದರು? ಆ ಒಂದು ಮಾತು ಚಿಕ್ಕಮ್ಮನ ಸೆರಗಿಗೆ ಎಣ್ಣೆಯ ಕಲೆಯಂತೆ ಅಂಟಿತು. ಮರುದಿನ ವಿಚಾರಣೆ, ಅಲ್ಲಿಯವರೆಗೆ ವಾರ್ಡಿಗೆ ಕಾಲಿಡುವ ಹಾಗಿಲ್ಲ, ಬಟ್ಟೆ ಕೋಣೆಯಲ್ಲಿ ಕೂತಿರಬೇಕು. ರೋಗಿ ಬಿದ್ದಾಗ ಆಯಾ ನಿದ್ದೆಹೋಗಿದ್ದಳು ಎಂದು ಒಮ್ಮೆ ಖಚಿತವಾದರೆ ಆ ನರ್ಸಿಂಗ್ ಹೋಮಿರಲಿ, ಬೇರೆ ಯಾವ ಬಾಗಿಲಲ್ಲೂ ಅವಳನ್ನು ನಿಲ್ಲಿಸಿಕೊಳ್ಳುವವರಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಒಬ್ಬರು ಮಗ್ಗುಲು ಹೊರಳಿದರೂ ತಿರುಗಿ ನೋಡುತ್ತಿದ್ದವಳಿಗೆ ನಿದ್ದೆ ಅನ್ನುವ ಮಾತು!

ಸಂಜೆ ಮನೆಗೆ ಬಂದು ಗಂಡನಿಗೆ ಹೇಳಿದಳು. ಪೆಟ್ಟಿಗೆ ಹೊಡೆದುಕೊಳ್ಳಲಿಲ್ಲ, ದೀಪ ಉರಿಯುತ್ತಿತ್ತು, ಇಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನು ಹೆಗಲನ್ನೇನೋ ಮುಟ್ಟಲಿಲ್ಲ, ಎದ್ದು ಹೋಗಿ ಕೈ ತೊಳೆದ. ಇನ್ನೂ ಊಟವೇ ಆಗಿರಲಿಲ್ಲ. ನೀರು ಹರಿಯುವ ಸದ್ದು ನಿಲ್ಲಲೇ ಇಲ್ಲ. ಅವಳಿಗೆ ಅಷ್ಟು ಸಾಕಾಯಿತು. ಬಾಗಿಲ ಬುಡದಲ್ಲಿ ನಿಂತು ಕಿರಚುವವನ ಕಥೆ ಅವನೇ ಹೇಳಿದ್ದಲ್ಲವೇ?

"ಆ ಚಿಕ್ಕ ಡಬ್ಬಿಯಿಂದ ತಾನೇ?" ಎಂದಳು, ಬಚ್ಚಲ ಬಾಗಿಲಲ್ಲಿ ನಿಂತು.

"ಇರಬಹುದು. ನೋಡಬೇಕು."

"ನಾಳೆ ಅವರ ಮುಂದೆ ಹೇಳ್ತೀರಲ್ಲ?"

"ಹೇಳದೆ? ಸತ್ಯ ಹೇಳೋಕೆ ನನಗ್ಯಾರ ಭಯ?" ಎಂದ ಕಿವಿರಾಯ. ಯಾರೂ ಜೋರಾಗಿ ಮಾತಾಡದ ಮನೆಯಲ್ಲಿ ಅವನು ಯಾವತ್ತೂ ಧೈರ್ಯವಂತನೇ.

ವಿಚಾರಣೆ ವಾರ್ಡಿನ ಮೇಜಿನ ಸುತ್ತಲೇ ನಡೆಯಿತು. ಪೆಟ್ಟಿಗೆ ಎಲ್ಲರ ಕಣ್ಣಿಗೆ ಕಾಣಬೇಕೆಂದು ಮಾಲೀಕನ ಹಟ. ಒಂದು ಕಡೆ ದೊಡ್ಡ ಡಾಕ್ಟರು, ಅವರ ಪಕ್ಕ ಹೆಡ್ ನರ್ಸ್. ಎದುರಿಗೆ ಮಾಲೀಕ ಮತ್ತು ಕಿವಿರಾಯ. ಗೋಡೆಯ ಪಕ್ಕ ಚಿಕ್ಕಮ್ಮ, ನಿಂತೇ ಇದ್ದಳು. ಮೇಜಿನ ನಡುವೆ ಹಸಿರು ದೀಪ. ಕಡೆಯ ಹಾಸಿಗೆಯಲ್ಲಿ ಹರಾಜು ಮಾವ, ಪ್ಲಾಸ್ಟರ್ ಹಾಕಿದ ಎಡಗೈ ಎದೆಯ ಮೇಲೆ. ಗುಂಡಿಯನ್ನು ಈಗ ಬಲಗೈಯ ಬೆರಳಬುಡಕ್ಕೆ, ಅದೇ ಕೈಯ ಹೆಬ್ಬೆರಳಿಗೆ ಎಟುಕುವಂತೆ ಕಟ್ಟಿದ್ದರು. ಅವರ ಅಕ್ಕ ಪಕ್ಕದಲ್ಲಿ ಕೂತು ಅವರಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು.

"ಯಂತ್ರ ಕೈಕೊಟ್ಟಿರೋ ಸಾಧ್ಯತೆ ಇದೆಯಾ? ನೇರವಾಗಿ ಹೇಳಿ," ಎಂದು ಡಾಕ್ಟರು ದನಿ ಏರಿಸಿದರು.

"ಸಾಧ್ಯತೆ ಅನ್ನೋದು ಇದ್ದೇ ಇರುತ್ತೆ ಸಾರ್," ಎಂದ ಕಿವಿರಾಯ.

"ಏನ್ರೀ ಅಂದ್ರಿ?" ಮಾಲೀಕನ ದನಿಗೆ ಔಷಧದ ಬಾಟಲಿಗಳು ಕಿಣಿಕಿಣಿ ಎಂದವು.

"ಅಂದ್ರೆ, ಬೇರೆಯವರ ಯಂತ್ರಗಳಲ್ಲಿ ಸಾರ್. ನಮ್ಮದರಲ್ಲಿ ಎಲ್ಲಿ ಬಂತು?"

"ಹಾಗಾದ್ರೆ ಗಂಟೆ ಹೊಡೆದಿದೆ ಅಂತೀರಾ?" ಡಾಕ್ಟರು ಮೇಜು ಗುದ್ದಿದರು.

"ಹೊಡೆದಿಲ್ಲ ಅಂತ ಹೇಗೆ ಹೇಳೋದು ಸಾರ್? ಹೊಡೆದಿದೆ ಅಂತಲೂ..."

"ದೀಪ ಉರೀತಿತ್ತೋ ಇಲ್ಲವೋ?" ಮಾಲೀಕ ಎದ್ದೇ ನಿಂತ.

"ಉರೀತಿತ್ತು ಸಾರ್."

"ದೀಪ ಉರಿದ್ರೆ ಏನರ್ಥ?"

"ಕೇಳ್ತಾ ಇದೆ ಅಂತ."

"ಮುಗೀತಲ್ಲ!"

ತಲೆ ಆ ಕಡೆ, ತಲೆ ಈ ಕಡೆ. ತೂಗುವ ತಕ್ಕಡಿಗಾದರೂ ನಡುವೆ ಒಂದು ಮುಳ್ಳಿರುತ್ತದೆ. ಕಡೆಗೆ ಮಾಲೀಕ ಎದ್ದು ನಿಂತದ್ದರಿಂದ, ಡಾಕ್ಟರು ಕೂತೇ ಇದ್ದದ್ದರಿಂದ, ಕಿವಿರಾಯನಿಗೆ ದಾರಿ ಸ್ಪಷ್ಟವಾಯಿತು. ಗಂಟಲು ಸರಿ ಮಾಡಿಕೊಂಡ.

"ಸಾರ್, ಅವರು ನನ್ನ ಹೆಂಡತಿ. ಆದ್ರೆ ಹೆಂಡತಿ ಅಂತ ನಾನು ಪಕ್ಷಪಾತ ಮಾಡೋನಲ್ಲ. ದಿನವಿಡೀ ದುಡಿಯೋ ಜೀವ. ಮಧ್ಯಾಹ್ನದ ಹೊತ್ತು ಒಂದು ಗಳಿಗೆ ಕಣ್ಣು ಮುಚ್ಚಿರಬಹುದು. ಅದು ಮನುಷ್ಯಸಹಜ."

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆದರೆ ಮೇಕೆಯನ್ನು ಕೈಹಿಡಿದು ಮನೆಗೆ ಕರೆತಂದ ಕೋತಿ ಇದೊಂದೇ ಇರಬೇಕು. ಹೆಡ್ ನರ್ಸ್ ಮೂಗಿನ ಮೇಲೆ ಬೆರಳಿಟ್ಟಳು. ಡಾಕ್ಟರ ಮುಖ ಮೆತ್ತಗಾಯಿತು. "ಸ್ವಂತ ಹೆಂಡತಿ ಅಂತಲೂ ನೋಡದೆ ಹೇಳೋ ಜನ ಈ ಕಾಲದಲ್ಲಿ ಅಪರೂಪ," ಎಂದರು. ಮಾಲೀಕ ಅವನ ಬೆನ್ನು ತಟ್ಟಿದ. ಕಿವಿರಾಯ ತಲೆ ತಗ್ಗಿಸಿ ಆ ಹೊಗಳಿಕೆಯನ್ನೂ ಸ್ವೀಕರಿಸಿದ. ಅದನ್ನಾದರೂ ಬೇಡ ಅಂದನೇ? ಇಲ್ಲ.

ಚಿಕ್ಕಮ್ಮ ಗೋಡೆಗೆ ಒರಗಿದಳು. "ನಾನು ಹೊದಿಕೆ ಮಡಚ್ತಾ ಇದ್ದೆ ಸಾರ್. ನಿದ್ದೆ ಮಾಡಿಲ್ಲ," ಎಂದಳು. ಮೆಲುದನಿ. ಮೇಜಿನ ಸುತ್ತ ಇದ್ದವರಲ್ಲಿ ಯಾರ ಬಾಗಿಲೂ ಅಷ್ಟಕ್ಕೆ ತೆರೆಯಲಿಲ್ಲ. ಡಾಕ್ಟರು ಇನ್ನೇನು ತೀರ್ಪು ಹೇಳಲು ಬಾಯಿ ತೆರೆದಿದ್ದರು.

ಅಷ್ಟರಲ್ಲಿ ಕಡೆಯ ಹಾಸಿಗೆಯಿಂದ ಚಪ್ಪಲಿ ಬಡಿಯುತ್ತ ಹರಾಜು ಮಾವನ ಅಕ್ಕ ಬಂದಳು. ಬೀಸಣಿಗೆ ಕೈಯಲ್ಲೇ ಇತ್ತು.

"ಏನ್ರಪ್ಪಾ, ದಂಡುಗಟ್ಟಿ ಕೂತಿದ್ದೀರಲ್ಲ, ಒಬ್ಬರಿಗಾದ್ರೂ ಕಿವಿ ಬೇಡವಾ? ಆಗಲಿಂದ ಒತ್ತುತಾ ಇದಾನೆ ನನ್ನ ತಮ್ಮ, ಹೆಬ್ಬೆರಳು ಬೆಳ್ಳಗಾಗಿದೆ! ಬಂದೇ ಬರ್ತಾರೆ ಕಣೋ, ಅಲ್ಲೇ ಕೂತಿದಾರೆ ಅಂತ ನಾನೂ ಕಾದೆ ಕಾದೆ. ಮಗ್ಗುಲು ಬದಲಿಸಬೇಕು ಅವನಿಗೆ. ಒಬ್ಬರಾದ್ರೂ ತಿರುಗಿ ನೋಡಿದ್ರಾ?"

ಎಲ್ಲರೂ ಕಡೆಯ ಹಾಸಿಗೆಯ ಕಡೆ ನೋಡಿದರು. ಹರಾಜು ಮಾವ ಬಲಗೈ ಎತ್ತಿ ತೋರಿಸಿದರು. ಬೆರಳುಗಳನ್ನು ಮಡಚಿ ಹೆಬ್ಬೆರಳಿನಿಂದ ಗುಂಡಿ ಅದುಮಿಯೇ ಇದ್ದರು. ಆಮೇಲೆ ಎಲ್ಲರೂ ಪೆಟ್ಟಿಗೆಯ ಕಡೆ ನೋಡಿದರು. ಹಸಿರು ದೀಪ ಉರಿಯುತ್ತಿತ್ತು. ಗಂಟೆ ತೆಪ್ಪಗಿತ್ತು.

"ನಾವೆಲ್ಲ ಎಚ್ಚರವಾಗೇ ಇದ್ದೀವಲ್ಲ?" ಎಂದರು ಡಾಕ್ಟರು, ತಮ್ಮನ್ನೇ ಕೇಳಿಕೊಂಡಂತೆ.

ಇಂಥ ಗಳಿಗೆಯಲ್ಲಿ ಮಾನ ಇರುವವನು ನೆಲ ನೋಡುತ್ತಾನೆ. ಕಿವಿರಾಯ ಮಾಲೀಕನ ಮುಖ ನೋಡಿದ, ಡಾಕ್ಟರ ಮುಖ ನೋಡಿದ, ಹರಾಜು ಮಾವನ ಅಕ್ಕನ ಮುಖ ನೋಡಿದ. ಈಗ ಗಂಟಲು ದೊಡ್ಡದು ಆಕೆಯದೇ. ಗಾಳಿ ಬಂದಾಗ ತೂರಿಕೊಳ್ಳುವುದು ಯಾರಾದರೂ ಅವನಿಂದ ಕಲಿಯಬೇಕು.

"ನನಗೆ ಮೊದಲಿಂದಲೂ ಇದರ ಮೇಲೇ ಅನುಮಾನ ಸಾರ್!" ಎಂದವನೇ ಚಿಕ್ಕ ಡಬ್ಬಿಯ ಬ್ಯಾಟರಿ ಕಿತ್ತ. ಹಸಿರು ದೀಪ ಆರಿತು. ಗಂಟೆ ಹೊಡೆಯಲಿಲ್ಲ.

"ಈಗೇನ್ರೀ?" ಎಂದ ಮಾಲೀಕ.

"ಸ್ವಲ್ಪ ತಾಳಿ ಸಾರ್. ಇಷ್ಟು ಹೊತ್ತು ಗದ್ದಲಕ್ಕೆ ಮುಚ್ಚಿಕೊಂಡ ಬಾಗಿಲು, ನಿಧಾನಕ್ಕೆ ತೆರ್ಕೋಬೇಕು."

ಅಷ್ಟೂ ಜನ ಉಸಿರು ಹಿಡಿದು ಒಂದು ಸೋಪಿನ ಡಬ್ಬಿಯನ್ನು ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಗಂಟೆ ಹೊಡೆಯಿತು. ಹೊಡೆಯುತ್ತಲೇ ಇತ್ತು. ಹರಾಜು ಮಾವ ಹೆಬ್ಬೆರಳು ತೆಗೆಯಲಿಲ್ಲ.

"ನೋಡಿದ್ರಾ ನಮ್ಮ ಎಂಜಿನಿಯರನ್ನ!" ಮಾಲೀಕ ಚಪ್ಪಾಳೆ ತಟ್ಟಿದ. "ನಿಂತ ನಿಲುವಿನಲ್ಲೇ ರೋಗ ಹಿಡಿದು ಔಷಧಿ ಕೊಟ್ಟ!"

ಔಷಧಿ ಕೊಟ್ಟವನೇ ವಿಷ ಹಾಕಿದ್ದನಲ್ಲವೇ ಎಂದು ಯಾರೂ ಕೇಳಲಿಲ್ಲ. ದೀಪ ಬೇಕೆಂದದ್ದು ಮಾಲೀಕನಾದ್ದರಿಂದ ಅವನಿಗೂ ಕೇಳುವ ಅವಸರವಿರಲಿಲ್ಲ. ಎಲ್ಲರೂ ಹಗುರಾಗಿ ಚಹಾ ಕುಡಿಯಲು ಎದ್ದರು. ಹೋಗುತ್ತ ಡಾಕ್ಟರು ಅರ್ಧ ತಿರುಗಿ, "ಚಿಕ್ಕಮ್ಮ, ನೀವು ವಾರ್ಡಿಗೆ ಬಂದುಬಿಡಿ. ಆದ್ರೆ ಇನ್ನುಮೇಲೆ ಮಧ್ಯಾಹ್ನ ನಿದ್ದೆಗಿದ್ದೆ ಬೇಡ," ಎಂದರು. ನಗುನಗುತ್ತಲೇ ಅಂದರು. ಹೆಡ್ ನರ್ಸ್ ಕೂಡ ನಕ್ಕಳು.

ಚಿಕ್ಕಮ್ಮ ಮೊದಲು ಹೋಗಿ ಹರಾಜು ಮಾವನ ಮಗ್ಗುಲು ಬದಲಿಸಿ, ದಿಂಬು ಸರಿ ಮಾಡಿ ಬಂದಳು. ಆಮೇಲೆ ಮೆಟ್ಟಿಲಿಗೆ ಹೊರಟಿದ್ದ ಗಂಡನ ಅಂಗಿಯ ತೋಳು ಹಿಡಿದಳು.

"ಹೇಳಿ."

"ಏನ್ ಹೇಳೋದು? ನಿನ್ನ ಕೆಲಸ ಉಳೀತಲ್ಲ. ನಾನೇ ಉಳಿಸಿದೆ ಅಂದ್ರೂ ತಪ್ಪಿಲ್ಲ."

"ಕೆಲಸ ಉಳೀತು. ನಿದ್ದೆ ಅಂದ ಮಾತು ಹಾಗೇ ಇದೆ. ಅದನ್ನ ಅಂದಿದ್ದು ನೀವು."

"ಅಯ್ಯೋ, ಅದನ್ನೆಲ್ಲ ಯಾರು ನೆನಪಿಟ್ಕೋತಾರೆ?"

"ನಾನು." ಅವಳು ದನಿ ಏರಿಸಲಿಲ್ಲ, ತೋಳನ್ನೂ ಬಿಡಲಿಲ್ಲ. "ಬಿದ್ದು ಕೈ ಮುರ್ಕೊಂಡವರು ಅವರು. ಅವರ ಹತ್ರ ಹೋಗಿ ಹೇಳಿ, ತಪ್ಪು ಯಾರದು ಅಂತ, ನಾನು ನಿದ್ದೆ ಮಾಡಿರಲಿಲ್ಲ ಅಂತ. ಹೇಳದೆ ಮನೆಗೆ ಬಂದ್ರೆ ಬಾಗಿಲು ತಟ್ಟೋ ಕಷ್ಟ ತಗೋಬೇಡಿ. ನಾನು ಸಂದೂ ಬಿಟ್ಟಿರಲ್ಲ."

ಅಷ್ಟು ಹತ್ತಿರದಿಂದ ಹೇಳಿದ್ದಕ್ಕೋ ಏನೋ, ಮದುವೆಯಾದ ಮೇಲೆ ಮೊದಲ ಸಲ ಅವಳ ಮಾತು ಅವನಿಗೆ ಪೂರ್ತಿ ಕೇಳಿಸಿತು. ನಿಂತು ಯೋಚಿಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೇಗೂ ಆ ಮನುಷ್ಯನಿಗೆ ದನಿಯಿಲ್ಲ. ಬಾಯಿಲ್ಲದವನ ಕಿವಿಯಲ್ಲಿ ತಪ್ಪೊಪ್ಪಿಕೊಂಡರೆ ಬಾವಿಗೆ ಕಲ್ಲು ಹಾಕಿದಂತೆ, ಸದ್ದು ಅಲ್ಲೇ ಮುಳುಗುತ್ತದೆ. ಹರಾಜು ಮಾವನ ಅಕ್ಕ ಔಷಧಿ ತರಲು ಕೆಳಗಿಳಿಯುವವರೆಗೆ ಕಂಬದ ಮರೆಯಲ್ಲಿ ಕಾದ. ಆಮೇಲೆ ಬೆಕ್ಕಿನ ಹೆಜ್ಜೆಯಲ್ಲಿ ಕಡೆಯ ಹಾಸಿಗೆಗೆ ಹೋಗಿ, ಬಗ್ಗಿ, ಪಿಸುಗುಟ್ಟಿದ:

"ತಪ್ಪು ಪೆಟ್ಟಿಗೇದು ಸಾರ್. ಆಯಾ ನಿದ್ದೆ ಮಾಡಿರಲಿಲ್ಲ."

ಹರಾಜು ಮಾವ ಅವನನ್ನು ಒಂದು ಕ್ಷಣ ನೋಡಿದರು. ಬದುಕೆಲ್ಲ ಕೆಟ್ಟ ಮಾಲನ್ನು ನೋಡಿದ ಕಣ್ಣು. ಬಲಗೈಯನ್ನು ಮೆಲ್ಲಗೆ ಕಿವಿಯ ಹಿಂದೆ ಇಟ್ಟು, ಹುಬ್ಬು ಏರಿಸಿದರು. ಏನು? ಕೇಳಲಿಲ್ಲ.

"ತಪ್ಪು ಪೆಟ್ಟಿಗೇದು," ಎಂದ ಸ್ವಲ್ಪ ಜೋರಾಗಿ.

ಅವರು ತಲೆಯಲ್ಲಾಡಿಸಿದರು. ಕೈ ಕಿವಿಯ ಹಿಂದೆಯೇ ಇತ್ತು. ಪಕ್ಕದ ಹಾಸಿಗೆಯವರು ಕಣ್ಣು ತೆರೆದರು. ಹರಾಜು ಮಾವನ ಗಂಟಲಿಗೆ ಆಪರೇಷನ್ ಆಗಿತ್ತೇ ಹೊರತು ಕಿವಿಗಲ್ಲವೆಂದು ಆ ಸಾಲಿನ ಎಲ್ಲ ರೋಗಿಗಳಿಗೂ ಗೊತ್ತಿತ್ತು. ಕಿವಿರಾಯನೊಬ್ಬನಿಗೆ ಆ ಹೊತ್ತಿಗೆ ಹೊಳೆಯಲಿಲ್ಲ.

"ಪೆಟ್ಟಿಗೆ ಸಾರ್! ಪೆಟ್ಟಿಗೆ ಕೇಳಿಸ್ಕೊಳ್ಲಿಲ್ಲ!"

ಅವರು ಅಂಗೈ ಮೇಲಕ್ಕೆತ್ತಿ ಬೀಸಿದರು. ಹರಾಜಿನಲ್ಲಿ ಜನರನ್ನು ಹುರಿದುಂಬಿಸುವ ಬೀಸು ಅದು: ಏರಲಿ, ಇನ್ನೂ ಏರಲಿ, ಇಷ್ಟಕ್ಕೆ ಕೊಡುವವನಲ್ಲ ನಾನು.

"ಪೆಟ್ಟಿಗೆ ಮಾಡಿದ್ದು ನಾನು! ಪಕ್ಕದಲ್ಲಿ ಡಬ್ಬಿ ಇಟ್ಟಿದ್ದೂ ನಾನೇ!"

ಮತ್ತೆ ಬೀಸು. ಸಾಲಿನವರೆಲ್ಲ ಎದ್ದು ಕೂತಿದ್ದರು. ಚಹಾ ಮುಗಿಸಿ ಬಂದ ಮಾಲೀಕ, ಡಾಕ್ಟರು, ಹೆಡ್ ನರ್ಸ್ ಬಾಗಿಲಲ್ಲೇ ನಿಂತರು. ಕಿವಿರಾಯನ ಬೆನ್ನು ಅವರ ಕಡೆ ಇತ್ತು. ಒಮ್ಮೆ ಜೋರಾದ ಮೇಲೆ ತನ್ನ ದನಿಗೇ ತಾನು ಹೊಂದಿಕೊಂಡನೋ ಏನೋ, ಕುತ್ತಿಗೆಯ ನರ ಉಬ್ಬಿಸಿಕೊಂಡು ಕೂಗಿದ:

"ನನಗೆ ಗೊತ್ತಿತ್ತು! ಗೊತ್ತಿದ್ದೂ ಇಟ್ಟೆ! ಮಾಲೀಕರು ದೀಪ ಬೇಕು ಅಂದ್ರು, ಇಟ್ಟೆ! ಅವಳು ನಿದ್ದೆ ಮಾಡಿರಲಿಲ್ಲ! ನಾನೇ ಸುಳ್ಳು ಹೇಳಿದ್ದು!"

ಹರಾಜು ಮಾವ ಕೈ ಇಳಿಸಿದರು. ಪಕ್ಕದಲ್ಲಿದ್ದ ಔಷಧಿ ಚಮಚ ತೆಗೆದುಕೊಂಡು ಮಂಚದ ಕಬ್ಬಿಣದ ಸರಳಿಗೆ ಒಂದು ಏಟು ಹೊಡೆದರು. ತಡೆದು, ಸುತ್ತ ಒಮ್ಮೆ ನೋಡಿ, ಇನ್ನೊಂದು. ಅವನನ್ನೇ ದಿಟ್ಟಿಸಿ, ಮೂರನೆಯದು.

ಬಾಗಿಲ ಬಳಿಯ ಮೇಜಿನಲ್ಲಿ ಚಿಕ್ಕಮ್ಮ ಹೊದಿಕೆ ಮಡಚುತ್ತಿದ್ದಳು. ಡಾಕ್ಟರು ಅವಳ ಹತ್ತಿರ ಬಂದು ಏನೋ ಹೇಳಿದರು. ಮೆಲ್ಲಗೇ ಹೇಳಿದರು, ಅವಳಿಗೆ ಕೇಳಿಸಿತು, ತಲೆಯಾಡಿಸಿದಳು.

ಹರಾಜು ಮುಗಿದಿತ್ತು. ಸರಳಿಗೆ ಮೂರು ಏಟು ಬಿದ್ದರೂ ಆ ಮಾಲಿಗೆ ಬೆಲೆ ಕೂಗಿದವರು ಯಾರೂ ಇರಲಿಲ್ಲವಾದ್ದರಿಂದ, ಕೆಲಸ ಮುಗಿದ ಮೇಲೆ ಚಿಕ್ಕಮ್ಮನೇ ಅದನ್ನು ಮನೆಗೆ ನಡೆಸಿಕೊಂಡು ಹೋಗಬೇಕಾಯಿತು.